ಊರು ಕೇಳದ ಉತ್ತರ

ನಮ್ಮ ಗುಂಪಿನ ನಿಯಮಗಳನ್ನು ಬರೆದವಳು ನಾನೇ. ಅದನ್ನು ಮೊದಲೇ ಹೇಳಿಬಿಡಬೇಕು.

ಟೆಲಿಗ್ರಾಂನಲ್ಲಿ 'ಕುಂಡದ ಹೂ' ಎಂಬ ಗುಂಪು ಶುರುವಾಗಿ ಎರಡು ವರ್ಷವಾಗಿತ್ತು. ಊಟಿ, ಕೋತಗಿರಿ, ಕುನ್ನೂರು, ಗೂಡಲೂರಿನವರು, ಜೊತೆಗೆ ಒಂದಿಷ್ಟು ಗುಂಡ್ಲುಪೇಟೆಯವರು, ಎಲ್ಲ ಸೇರಿ ಇನ್ನೂರು ಚಿಲ್ಲರೆ ಜನ. ಕನ್ನಡ, ಬಡಗ, ತಮಿಳು ಕಲಸಿಕೊಂಡು ಪ್ರಶ್ನೆಗಳು ಬರುತ್ತಿದ್ದವು. 'ನನ್ನ ಗಿಡ ಸಾಯುತ್ತಿದೆ, ಏನು ಮಾಡಲಿ' ಎಂದು ಒಬ್ಬರು ಕೇಳುವರು. ಯಾವ ಗಿಡ, ಎಲ್ಲಿ, ಯಾವಾಗಿನಿಂದ, ಏನೂ ಇಲ್ಲ. ಹತ್ತು ಜನ ಹತ್ತು ಔಷಧಿ ಹೇಳುವರು. ಗುಂಪು ಕಟ್ಟಿದ ರಂಗನಾಥನ್ ಸಾರ್ ನಿವೃತ್ತ ಡ್ರಾಯಿಂಗ್ ಮೇಷ್ಟ್ರು, ಗದ್ದಲ ಸಹಿಸದವರು. "ಪುಷ್ಪಾ, ನೀವು ಕನ್ನಡ ಬಿ.ಎ. ಮಾಡಿದವರು. ಚೊಕ್ಕವಾಗಿ ನಿಯಮ ಬರೆದುಕೊಡಿ" ಎಂದರು.

ನಾನು ನಾಲ್ಕು ದಿನ ಕೂತು ಬರೆದೆ. ಕೇಳುವವರು ಧ್ವನಿ ಸಂದೇಶ ಕಳಿಸಬಾರದು, ಬರೆದು ಕೇಳಬೇಕು, ಮುಂದಿನವರು ಹುಡುಕಿದರೆ ಸಿಗಬೇಕಲ್ಲ. ಇಡೀ ಕುಂಡದ ಚಿತ್ರ ಒಂದು, ಎಲೆಯ ಮೇಲ್ಭಾಗದ್ದು ಒಂದು, ಕೆಳಭಾಗದ್ದು ಒಂದು. ಊರು ಯಾವುದು, ಗಿಡ ಇರುವ ಜಾಗ ಎತ್ತರವೋ ತಗ್ಗೋ ಎಂದು ತಿಳಿಸಬೇಕು. ಆಮೇಲೆ ಏನಾಯಿತೆಂದು ಬಂದು ಹೇಳಬೇಕು. ಉತ್ತರಿಸುವವರು ತಾವು ಬೆಳೆದು ನೋಡಿದ್ದನ್ನು ಮಾತ್ರ ಹೇಳಬೇಕು. ಪ್ರಶ್ನೆಯಲ್ಲಿ ಏನಾದರೂ ಬಿಟ್ಟುಹೋಗಿದ್ದರೆ ಅದನ್ನು ಕೇಳಿ ತಿಳಿದುಕೊಂಡ ಮೇಲೆಯೇ ಹೇಳಬೇಕು. ಈ ಕೊನೆಯ ಸಾಲು ಬರೆದಾಗ ನನ್ನ ಬಗ್ಗೆ ನನಗೇ ಹೆಮ್ಮೆಯಾಗಿತ್ತು. ನಿಯಮ ಮೀರಿದ ಸಂದೇಶಗಳನ್ನು ತೆಗೆಯುವ ಅಧಿಕಾರವನ್ನೂ ಸಾರ್ ನನಗೆ ಕೊಟ್ಟರು.

"ನೀನೇನು ಹೂವಿನ ಪೊಲೀಸಾ?" ಎಂದು ಅವ್ವ ಕೇಳುತ್ತಿದ್ದಳು. ಅವ್ವನ ಹೆಸರು ಸಣ್ಣತಾಯಮ್ಮ. ಅಪ್ಪನ ಜೊತೆ ನಂಜನಗೂಡು ಕಡೆಯಿಂದ ಊಟಿಗೆ ಬಂದು ನಲವತ್ತು ವರ್ಷವಾದರೂ ನಾಲಿಗೆ ಬದಲಾಗಿಲ್ಲ. "ಸ್ಕೂಲಾಪೀಸಲ್ಲಿ ದಿನಾ ಇಡೀ ಮಕ್ಳ ಲೆಟ್ರು ತಿದ್ದಿ ಬತ್ತೀಯ, ಮನೇಲಿ ಕೂತ್ಕಂಡು ದೊಡ್ಡೋರ್‍ದೂ ತಿದ್ತೀಯ."

ಜನವರಿಯ ಎರಡನೆಯ ಶನಿವಾರ. ಮಧ್ಯಾಹ್ನ ಒಂದು ಧ್ವನಿ ಸಂದೇಶ ಬಂತು. ಮುದುಕಿಯೊಬ್ಬರ ದನಿ, ಬಡಗ ಮಾತು, ಹಿಂದೆ ನಾಯಿ ಬೊಗಳುವ ಸದ್ದು. ಎರಡು ನಿಮಿಷಕ್ಕೂ ಉದ್ದ ಇತ್ತು. ಬಂದು ಕಾಲು ಗಂಟೆಯಾದ ಮೇಲೆ ಹತ್ತು ಸೆಕೆಂಡು ಕೇಳಿದೆ. 'ಜಿರೇನಿಯಂ' ಎಂದದ್ದು ಮಾತ್ರ ತಿಳಿಯಿತು. ಅದನ್ನು ತೆಗೆದುಹಾಕಿ, 'ದಯವಿಟ್ಟು ಬರೆದು ಕೇಳಿ' ಎಂದು ಹಾಕಿದೆ. ಕಳಿಸುವ ಮುನ್ನ ಮೂರು ಸಲ ಓದಿದೆ. ನಾನು ಯಾವುದನ್ನೂ ಮೂರು ಸಲ ಓದದೆ ಕಳಿಸುವವಳಲ್ಲ.

ಅರ್ಧ ಗಂಟೆಯ ನಂತರ ಜೀವಿತಾ ಎಂಬ ಹುಡುಗಿ ಬರೆದಳು. 'ಅಕ್ಕಾ, ನಮ್ಮ ಹೆತ್ತೆ ರಂಗಿ ಕೇಳ್ತಿದ್ದಾರೆ. ಅವರಿಗೆ ಬರೆಯೋಕೆ ಬರಲ್ಲ. ಜಿರೇನಿಯಂ ಎಲೆ ಅಂಚು ಕಪ್ಪಾಗ್ತಿದೆ. ಚಳಿಗೆ ಹೊದಿಸಬೇಕಾ?' ಹೆತ್ತೆ ಎಂದರೆ ಬಡಗರಲ್ಲಿ ಅಜ್ಜಿ. ನಾನು ಚಿತ್ರ ಕೇಳಿದೆ. ದೂರದಿಂದ ತೆಗೆದ ಒಂದೇ ಚಿತ್ರ ಬಂತು, ಮೂವತ್ತಕ್ಕೂ ಹೆಚ್ಚು ಕುಂಡಗಳ ಸಾಲು. ಎಲೆಯ ಕೆಳಭಾಗ ಬೇಕು ಎಂದೆ. ಸಂಜೆ ಅದೂ ಬಂತು. ಸುಕ್ಕುಗಟ್ಟಿದ ಎರಡು ಬೆರಳು ಎಲೆಯನ್ನು ಮಗುಚಿ ಹಿಡಿದಿದ್ದವು, ಉಗುರಿನ ಸಂದಿಯಲ್ಲಿ ಮಣ್ಣು. ಕೆಳಗೆ ಜೀವಿತಾ ಬರೆದಿದ್ದಳು: 'ಮಾರ್ಚ್ ತಿಂಗಳ ನಮ್ಮ ಗುಂಪಿನ ಪ್ರದರ್ಶನಕ್ಕೆ ಹೆತ್ತೆ ಮೊದಲನೇ ಸಲ ಕುಂಡ ತರ್ತಿದ್ದಾರೆ ಅಕ್ಕಾ.'

ಆಗ ನಾನು ಊರು ಕೇಳಬೇಕಿತ್ತು. ಅಷ್ಟು ಹೊತ್ತಿಗೆ ಮೂರು ಸಲ ಅವರನ್ನು ವಾಪಸು ಕಳಿಸಿದ್ದೆ. ಇನ್ನೂರು ಜನರ ಎದುರು ನಾಲ್ಕನೆಯ ಸಲವೂ ಕಳಿಸಿದರೆ ಗರ್ವದ ಹೆಂಗಸು ಎನ್ನುತ್ತಾರೆ ಎಂದು ಅಳುಕಿದೆ. ಒಳ್ಳೆಯವಳಾಗಿ ಕಾಣಬೇಕು ಎನ್ನಿಸಿತು. ತಕ್ಷಣ ಬರೆದೆ: 'ಹೊದಿಸಬೇಡಿ. ಹೊದಿಸಿದರೆ ತೇವ ಕೂತು ಕಾಂಡ ಕೊಳೆಯುತ್ತದೆ. ನಾನು ಆರು ವರ್ಷದಿಂದ ಹೊದಿಸಿಲ್ಲ, ಒಂದು ಗಿಡವೂ ಹೋಗಿಲ್ಲ. ಅಂಚು ಕಪ್ಪಾಗುವುದು ಸಾಮಾನ್ಯ.' ನನ್ನ ಮನೆ ಎಲ್ಕ್ ಹಿಲ್ ಇಳಿಜಾರಿನ ಮೇಲಿದೆ. ರಾತ್ರಿಯ ಚಳಿ ನಮ್ಮ ಅಂಗಳದಲ್ಲಿ ನಿಲ್ಲದೆ ಕೆಳಗೆ ಜಾರಿ ಹೋಗುತ್ತದೆ. ಅದನ್ನು ಬರೆಯಲಿಲ್ಲ.

ಹತ್ತು ನಿಮಿಷಕ್ಕೆ ನಾಗರಾಜು ಎಂಬುವವರಿಂದ ಧ್ವನಿ ಸಂದೇಶ ಬಂತು. ಚಾಮರಾಜನಗರದ ಕಡೆಯವರು, ತುಮ್ಮನಟ್ಟಿಯಲ್ಲಿ ಜಮೀನು ಗುತ್ತಿಗೆಗೆ ಹಿಡಿದು ಕ್ಯಾರೆಟ್ ಬೆಳೆಯುವವರು. "ಅಜ್ಜೀ, ಹೊದಿಸ್ಬುಡಿ. ಗೋಣಿ ತಟ್ಟು ಸಾಕು. ಬೆಳಗಾನ ಬಿಸ್ಲು ಬೀಳಕ್ ಮುಂಚೆ..." ಅಲ್ಲಿಗೆ ನಿಲ್ಲಿಸಿದೆ. ಧ್ವನಿ ಸಂದೇಶ, ಜೊತೆಗೆ ನನ್ನ ಮಾತಿಗೆ ಎದುರು ಮಾತು. ತೆಗೆದುಹಾಕಿ ಬರೆದೆ: 'ನಾಗರಾಜು ಅವರೆ, ಧ್ವನಿ ಸಂದೇಶ ಬೇಡ. ತಾವೇ ಬೆಳೆದ ಹೂವಿನ ಬಗ್ಗೆ ಮಾತ್ರ ಉತ್ತರಿಸಿ. ಇದು ಕ್ಯಾರೆಟ್ ಅಲ್ಲ.' ಕೊನೆಯ ವಾಕ್ಯಕ್ಕೆ ಏಳು ಜನ ನಗುಮುಖ ಹಾಕಿದರು. ನಾಗರಾಜು 'ಸರಿ ಮೇಡಂ' ಎಂದರು. ಜೀವಿತಾ 'ಸರಿ, ಹಾಗೇ ಮಾಡ್ತೀವಿ' ಎಂದಳು.

ಭಾನುವಾರ ಆಕಾಶ ಒಂದೂ ಮೋಡವಿಲ್ಲದೆ ತೊಳೆದಂತಿತ್ತು. ಸೋಮವಾರ ಬೆಳಿಗ್ಗೆ ಬಸ್ಸಿನಲ್ಲಿ ಸ್ಕೂಲಿಗೆ ಹೋಗುವಾಗ ರೇಸ್ ಕೋರ್ಸಿನ ಹುಲ್ಲಿನ ಮೇಲೆ ಉಪ್ಪು ಚೆಲ್ಲಿದಂತೆ ಬಿಳಿ ಹನಿ ಕೂತಿತ್ತು, ರಾತ್ರಿಯ ಚಳಿಗೆ ಹೆಪ್ಪುಗಟ್ಟಿದ ಇಬ್ಬನಿಗೆ ಇಲ್ಲಿಯವರು ಹನಿ ಎನ್ನುತ್ತಾರೆ. ಪ್ರವಾಸಿಗಳು ಬಾಗಿ ಅದನ್ನು ಬೆರಳಿನಿಂದ ಕೆರೆದು ಫೋಟೋ ತೆಗೆದುಕೊಳ್ಳುತ್ತಿದ್ದರು. ನಾನು ಫೋನ್ ತೆಗೆದು ಗುಂಪು ನೋಡಿದೆ, ಹೊಸದೇನೂ ಬಂದಿರಲಿಲ್ಲ.

ಒಂಬತ್ತು ಗಂಟೆಗೆ ಜೀವಿತಾಳ ಚಿತ್ರ ಬಂತು. ಮೂವತ್ತೆರಡು ಕುಂಡಗಳು, ಒಂದೊಂದರ ಮೇಲೂ ಬೇಯಿಸಿ ಬಸಿದ ಸೊಪ್ಪಿನಂಥ ಕಪ್ಪು ಮುದ್ದೆ. 'ಹನಿ ಬಿತ್ತು. ಹೊದಿಸಿರಲಿಲ್ಲ. ಹೆತ್ತೆ ಕುಂಡಗಳ ಪಕ್ಕಾನೇ ಕೂತಿದ್ದಾರೆ' ಎಂದಷ್ಟೇ ಬರೆದಿದ್ದಳು.

ಆಫೀಸಿನಲ್ಲಿ ನಾನೊಬ್ಬಳೇ ಇದ್ದೆ. ಶನಿವಾರದ ನನ್ನ ಉತ್ತರಕ್ಕೆ ಹೋಗಿ, ಬೆರಳೊತ್ತಿ ಹಿಡಿದು, ಅಳಿಸಿದೆ. ಟೆಲಿಗ್ರಾಂನಲ್ಲಿ ಅಳಿಸಿದ್ದಕ್ಕೆ ಗುರುತು ಉಳಿಯುವುದಿಲ್ಲ. ಈಗ ಅಲ್ಲಿ ಎಲೆ ಮಗುಚಿದ ಬೆರಳುಗಳ ಚಿತ್ರ, ಅದರ ಕೆಳಗೆ ನಾಗರಾಜು ಅವರನ್ನು ಗದರಿದ ನನ್ನ ಮಾತು, ಅದರ ಕೆಳಗೆ 'ಹಾಗೇ ಮಾಡ್ತೀವಿ'. ಓದಿದ ಯಾರಿಗಾದರೂ ಕೆಟ್ಟ ಸಲಹೆ ಕೊಟ್ಟವರು ನಾಗರಾಜು ಎಂದೇ ಅನ್ನಿಸಬೇಕು. ಅಳಿಸುವಾಗ ಇದನ್ನು ಯೋಚಿಸಿರಲಿಲ್ಲ ಎಂದು ಹೇಳಿಕೊಳ್ಳಬಹುದಿತ್ತು. ಅಳಿಸಿದ ಮರುಕ್ಷಣ ಯೋಚಿಸಿದೆ, ಹಾಗೇ ಬಿಟ್ಟೆ.

ರಂಗನಾಥನ್ ಸಾರ್ ಬಂದರು. 'ಇದಕ್ಕೇ ಪುಷ್ಪಾ ಅವರ ನಿಯಮ ಓದಿ ಎಂದು ಬಡಿದುಕೊಳ್ಳುವುದು. ಹೂ ಬೆಳೆಯದವರು ಧ್ವನಿಯಲ್ಲಿ ಏನೋ ಒದರಿದರು, ಒಂದು ಮನೆಯ ಗಿಡವೆಲ್ಲ ಹೋಯಿತು.' ಹೌದು ಎನ್ನುವವರು ಸಾಲುಗಟ್ಟಿದರು. ಕ್ಯಾರೆಟ್ಟಿನ ಚಿತ್ರ ಹಾಕಿದವರೂ ಇದ್ದರು. ಶನಿವಾರ ನನ್ನ ಉತ್ತರ ಓದಿದವರಿಗೂ ನೆನಪಿದ್ದದ್ದು ಆ ಗೇಲಿ ಮಾತ್ರ.

ಹನ್ನೊಂದೂವರೆಗೆ ನಾಗರಾಜು ಬರೆದರು, ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ, ತಪ್ಪು ತಪ್ಪಾಗಿ: 'ನಾನು ಹೊದಿಸಿ ಅಂತಲೇ ಹೇಳಿದ್ದು. ಪುಷ್ಪಾ ಮೇಡಂ ಕೇಳಿದ್ದಾರೆ. ಅವರನ್ನೇ ಕೇಳಿ.'

ನನ್ನ ಹೆಸರಿನ ಪಕ್ಕ ನಾನು ಆನ್‌ಲೈನ್ ಇದ್ದೇನೆಂದು ಕಾಣುತ್ತಿತ್ತು. ಸಾರ್ ಕೇಳಿದರು: 'ಪುಷ್ಪಾ?' ನಾನು ಫೋನನ್ನು ಟಿ.ಸಿ. ಪುಸ್ತಕಗಳ ಡ್ರಾಯರಿನಲ್ಲಿಟ್ಟು ಮುಚ್ಚಿದೆ. ಊಟದ ಗಂಟೆಗೆ ತೆಗೆದು ನೋಡಿದಾಗ ನಾಗರಾಜು ಗುಂಪಿನಿಂದ ಹೊರಗೆ ಹೋಗಿದ್ದರು. ಸಾರ್ ಹೊಸದೊಂದು ಸೂಚನೆಯನ್ನು ಎಲ್ಲಕ್ಕಿಂತ ಮೇಲೆ ಅಂಟಿಸಿದ್ದರು. ಇನ್ನು ಮುಂದೆ ಪುಷ್ಪಾ ಅವರ ಒಪ್ಪಿಗೆ ಇಲ್ಲದೆ ಯಾರೂ ಉತ್ತರ ಕೊಡಬಾರದು.

ಆಮೇಲಿನ ದಿನಗಳಲ್ಲಿ ಪ್ರತಿ ಉತ್ತರವೂ ಮೊದಲು ನನ್ನ ಬಳಿ ಬರತೊಡಗಿತು. ಸರಿ, ಹಾಕಿ, ಎಂದು ಅನುಮತಿ ಕೊಡುತ್ತ ಹೋದೆ. ಅನ್ನದ ತಟ್ಟೆ ಮುಂದೆ ಕೂತರೆ ಆ ಎರಡು ಬೆರಳು ಕಾಣುತ್ತಿದ್ದವು.

ಅವ್ವ ಗಮನಿಸಿದ್ದಳು. "ಯಾರ್‍ಗೆ ಏನಂದೆ?"

"ಯಾರಿಗೂ ಏನೂ ಅನ್ನಲಿಲ್ಲ."

"ಅದ್ಕೇ ಇರ್ಬೇಕು" ಎಂದು ಅವ್ವ ಸಾರಿನ ಪಾತ್ರೆ ನನ್ನ ಕಡೆ ತಳ್ಳಿದಳು.

ಹದಿಮೂರನೆಯ ದಿನ, ಭಾನುವಾರ, ನನ್ನ ಜಿರೇನಿಯಂಗಳಿಂದ ಇಪ್ಪತ್ತು ಕಡ್ಡಿ ಕತ್ತರಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿದೆ. ಗುಂಪಿನ ಪರವಾಗಿ ತಂದೆ ಎನ್ನುವುದೆಂದು ಬಸ್ಸಿನಲ್ಲಿ ತೀರ್ಮಾನಿಸಿದೆ. ಜೀವಿತಾಳಿಗೆ ಸಂದೇಶ ಕಳಿಸಿದಾಗ ಅವಳು ದಾರಿ ಹೇಳಿದ್ದಳು: 'ತುಮ್ಮನಟ್ಟಿಯಲ್ಲಿ ಬಸ್ಸಿಳಿದು, ಹಟ್ಟಿ ದಾಟಿ ಕೆಳಗೆ ಇಳೀತಾ ಬನ್ನಿ ಅಕ್ಕಾ. ಇಳಿದಷ್ಟೂ ಇಳೀಬೇಕು.'

ಇಳಿದೆ. ಮೆಟ್ಟಿಲು ಮೆಟ್ಟಿಲಾದ ಕ್ಯಾರೆಟ್, ಬೀಟ್‌ರೂಟ್ ಹೊಲಗಳ ನಡುವಿನ ದಾರಿ. ಒಂದೊಂದು ತಿರುವಿಗೂ ಗಾಳಿ ತಣ್ಣಗಾಗುತ್ತ ಹೋಯಿತು. ಕೊನೆಯ ಮನೆ ಹಳ್ಳದ ಪಕ್ಕದಲ್ಲೇ ಇತ್ತು, ಎರಡೂ ಕಡೆ ಗುಡ್ಡ, ಬಟ್ಟಲಿನ ತಳದಲ್ಲಿಟ್ಟ ಹಾಗೆ. ಹತ್ತು ಗಂಟೆಯಾದರೂ ಅಂಗಳದ ಅರ್ಧಕ್ಕೆ ಬಿಸಿಲು ಬಂದಿರಲಿಲ್ಲ. ಆ ಜಾಗ ನೋಡಿದ ಯಾರೂ ಹೊದಿಸಬೇಡಿ ಎನ್ನುತ್ತಿರಲಿಲ್ಲ.

ರಂಗಿ ಹೆತ್ತೆ ಬಿಳಿ ಮುಂಡು ಸುತ್ತಿ, ತಲೆಗೆ ಬಿಳಿ ಬಟ್ಟೆ ಕಟ್ಟಿ ಜಗುಲಿಯಲ್ಲಿ ಕೂತಿದ್ದರು. ಅವರ ಬಡಗವನ್ನು ನನ್ನ ಕಿವಿಗೆ ಬಿದ್ದ ಮಟ್ಟಿಗೆ ಬರೆಯುತ್ತೇನೆ. "ಬಾ ಅಮ್ಮಾ, ಒಳಗ ಬಾ. ಕಾಪಿ ಕುಡಿ" ಎಂದರು. ಜೀವಿತಾ ಕಾಫಿ ತಂದಳು. ಕಾಲೇಜಿನ ಎರಡನೆಯ ವರ್ಷದ ಹುಡುಗಿ, ನನ್ನ ಮುಖವನ್ನು ನೇರ ನೋಡುತ್ತಿರಲಿಲ್ಲ.

"ಗುಂಪಿನ ಪರವಾಗಿ..." ಎಂದು ಕಡ್ಡಿಗಳ ಗಂಟು ಬಿಚ್ಚಿದೆ.

ಹೆತ್ತೆ ಒಂದೊಂದನ್ನೂ ಎತ್ತಿ, ಕತ್ತರಿಸಿದ ತುದಿ ನೋಡಿ, ಮೂಸಿದರು. "ಒಳ್ಳೆ ಕಡ್ಡಿ. ಇದು ಎಲ್ಲಿ ಬೆಳೆದದ್ದು? ಮೇಲೆಯೋ, ತಗ್ಗೋ?"

ನಾನು ಲೋಟ ಕೆಳಗಿಟ್ಟೆ. "ಮೇಲೆ" ಎಂದೆ.

"ಹಂಗಾದ್ರೆ ಇದಕ್ಕ ಹನಿ ಗೊತ್ತಿಲ್ಲೆ. ಜೀವಿ, ಇದ ಒಳಗ ಇಡು."

ಇಷ್ಟೇ ಪ್ರಶ್ನೆ. ಓದು ಬರಹ ಇಲ್ಲದ ಈ ಹೆಂಗಸು ಕಡ್ಡಿ ಕೈಗೆತ್ತಿಕೊಂಡ ಕೂಡಲೇ ಕೇಳಿದ್ದು. ನಾನು ಅದನ್ನು ನಿಯಮವಾಗಿ ಬರೆದಿದ್ದೆ.

"ಹೆತ್ತೆ, ನಾನು ನಿಮ್ಮ ಊರು ಕೇಳಲೇ ಇಲ್ಲ" ಎಂದೆ.

"ನಾ ಮೊದಲ್ಲೇ ಹೇಳಿದೆ ಅಲ್ಲ" ಎಂದರು ಅವರು, ಆಶ್ಚರ್ಯದಿಂದ. "ತುಮ್ಮನಟ್ಟಿ, ಹಳ್ಳದ ಕರೆ ಮನೆ, ಹನಿ ಬೀಳ್ವ ಜಾಗ, ಹೊಸ ಗಿಡ, ಹೊದಿಸೋದಾ ಬೇಡವಾ ಅಂತ."

ಅದು ಆ ಎರಡು ನಿಮಿಷದ ಧ್ವನಿ ಸಂದೇಶದಲ್ಲಿತ್ತು. ನಾನು ಹತ್ತು ಸೆಕೆಂಡಿಗೆ ತೆಗೆದುಹಾಕಿದ್ದರಲ್ಲಿ. ನಾನು ತೆಗೆಯುವ ಮುಂಚೆ ನಾಗರಾಜು ಅದನ್ನು ಪೂರ್ತಿ ಕೇಳಿರಬೇಕು. ಊರು ತಿಳಿದೇ ಹೊದಿಸಿ ಎಂದಿದ್ದರು.

"ನಾಗರಾಜು ಅವರು ಹೇಳಿದ್ದನ್ನೂ ಕೇಳಿದ್ದಿರಾ?"

"ಕೇಳಿದೆ. ಅವರು ಹೊದಿಸು ಅಂದರು. ನೀನು ಬೇಡ ಅಂದೆ. ಬರೆದವಳಿಗೆ ಹೆಚ್ಚು ಗೊತ್ತಿರತ್ತೆ ಅಂತ ನಾ ಎಣಿಸಿದೆ."

ಜೀವಿತಾ ಆಗ ಬಾಯಿ ಬಿಟ್ಟಳು. "ನಾನು ಗ್ರೂಪಲ್ಲಿ ಹಾಕ್ತೀನಿ ಅಂದೆ ಅಕ್ಕಾ. ಪುಷ್ಪಾ ಅಕ್ಕನೇ ಬೇಡ ಅಂದಿದ್ದು, ಅಳಿಸಿಬಿಟ್ಟಿದ್ದಾರೆ ಅಂತ ಟೈಪ್ ಕೂಡ ಮಾಡಿದ್ದೆ. ಹೆತ್ತೆ ಫೋನ್ ಕಿತ್ಕೊಂಡ್ರು."

"ಕೇಳಿದ್ದು ನಾವೇ" ಎಂದರು ಹೆತ್ತೆ, ಮೊಮ್ಮಗಳನ್ನು ನೋಡುತ್ತ. "ಕೇಳಿಸಿಕೊಂಡು, ಮಾಡಿ, ಕೆಟ್ಟ ಮೇಲೆ ಹೇಳಿದವರ ಬಾಗಿಲ ಮುಂದೆ ಹೋಗಿ ಕೂಗೋದಾ? ಪರವಾಯಿಲ್ಲೆ. ಗಿಡ ತಾನೆ." ಕಡ್ಡಿ ಸುತ್ತಿದ್ದ ಒದ್ದೆ ಬಟ್ಟೆಯನ್ನು ಮಡಿಸುತ್ತ ಹೇಳಿದರು. "ಆ ನಾಗರಾಜು ಮಾತ್ರ ಪಾಪ. ನಾ ಅವರ ಹೊಲಕ್ಕೆ ಹೋಗಿ, ನೀ ಹೇಳಿದ್ದೇ ಸರಿ ಅಂತ ಹೇಳಿ ಬಂದೆ."

ಅವರು ನನ್ನನ್ನು ಹಿತ್ತಲಿಗೆ ಕರೆದುಕೊಂಡು ಹೋದರು. ಮೂವತ್ತೆರಡು ಕುಂಡಗಳನ್ನೂ ಗೋಡೆಗೆ ಒತ್ತಿ ಇಡಲಾಗಿತ್ತು, ಗೋಣಿ ತಟ್ಟು ಮಡಿಸಿ ಪಕ್ಕದಲ್ಲಿತ್ತು. ಕಪ್ಪಾದ ಕಾಂಡಗಳನ್ನೆಲ್ಲ ಬುಡದ ತನಕ ಕತ್ತರಿಸಿ ತೆಗೆದಿದ್ದರು. ಹನ್ನೊಂದರಲ್ಲಿ ಬುಡದಿಂದ ಅಕ್ಕಿಕಾಳಿನಷ್ಟು ಹಸಿರು ಹೊರಟಿತ್ತು.

"ಕತ್ತರಿಸಿ ಕೊಟ್ಟಿದ್ದು ನಾಗರಾಜು ಅಣ್ಣ" ಎಂದಳು ಜೀವಿತಾ. "ಗ್ರೂಪಿಗೆ ವಾಪಸ್ ಬನ್ನಿ ಅಂತ ಕರೆದೆ. ಬೇಡಮ್ಮ, ಮೇಡಂನೋರು ಹೆದರ್ಕಂಡಿರ್ಬೇಕು, ಬುಡು ಅಂದ್ರು."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನನ್ನ ಮುಖವನ್ನೂ ನೋಡಿರದ ಮನುಷ್ಯ ನನ್ನನ್ನು ಅಷ್ಟು ಸರಿಯಾಗಿ ತಿಳಿದಿದ್ದಾನೆ ಎನ್ನುವುದನ್ನು ತಡೆಯಲಾಗಲಿಲ್ಲ. ಆ ಕುಂಡಗಳ ಪಕ್ಕ ಕೂತು, ಹೆತ್ತೆಯ ಕಾಲ ಹತ್ತಿರದ ಮಣ್ಣು ನೋಡುತ್ತ, "ತಪ್ಪಾಯಿತು" ಎಂದೆ. ಗುಂಪಿನ ಪರವಾಗಿ ಬಂದವಳಲ್ಲ, ನನ್ನಷ್ಟಕ್ಕೆ ಬಂದವಳು ಎಂದೂ ಹೇಳಿದೆ.

"ಅದ ನಂಗೆ ಯಾಕ ಹೇಳ್ತೀ" ಎಂದರು ಹೆತ್ತೆ. "ಅವರು ಹೊಲದಲ್ಲಿ ಇದ್ದಾರೆ, ನೋಡು." ಮೇಲಿನ ಮೆಟ್ಟಿಲ ಹೊಲದ ಕಡೆ ಕೈ ತೋರಿಸಿದರು.

ಜಗುಲಿಯಲ್ಲೇ ಕೂತು ಬರೆದೆ. ಮೊದಲು ಬಂದ ವಾಕ್ಯ, 'ಶನಿವಾರದ ಪ್ರಶ್ನೆಗೆ ನೀಡಿದ ಉತ್ತರದಲ್ಲಿ ಕೆಲವು ಲೋಪಗಳು ಉಂಟಾಗಿರಬಹುದು.' ಓದಿದರೆ ಯಾರು ಮಾಡಿದ್ದೆಂದು ತಿಳಿಯುವಂತಿರಲಿಲ್ಲ. ಅಂಥ ವಾಕ್ಯ ನನ್ನ ಕೈಗೆ ತಾನಾಗಿ ಬರುತ್ತದೆ. ಅಳಿಸಿ, ನಾನು ಎಂದು ಶುರು ಮಾಡಿದೆ.

ನಾಗರಾಜು ಕ್ಯಾರೆಟ್ ತೊಳೆಯುವ ತೊಟ್ಟಿಯ ಹತ್ತಿರ ಮೂಟೆಯ ಬಾಯಿ ಹೊಲಿಯುತ್ತಿದ್ದರು. ನಲವತ್ತೈದರ ಆಸುಪಾಸು, ಉಲನ್ ಟೋಪಿ, ಮೊಣಕಾಲವರೆಗೆ ಕೆಸರು. ನಾನು ಹೆಸರು ಹೇಳಿದೆ. ಅವರು ದಬ್ಬಳವನ್ನು ಮೂಟೆಗೆ ಚುಚ್ಚಿ ಎದ್ದು ನಿಂತರು.

"ಬನ್ನಿ ಮೇಡಂನೋರೆ. ಇದು ಕ್ಯಾರೆಟ್ಟು" ಎಂದರು, ಮುಖದಲ್ಲಿ ಏನೂ ತೋರಿಸದೆ.

ನಾನು ತಲೆ ತಗ್ಗಿಸಿದೆ. "ಇದನ್ನು ಗುಂಪಿಗೆ ಹಾಕುತ್ತೇನೆ. ಹಾಕುವ ಮುನ್ನ ನಿಮಗೆ ಓದಿ ಹೇಳಬೇಕು" ಎಂದು ಓದಿದೆ:

'ನಾನು, ಪುಷ್ಪಾ, ರಂಗಿ ಅವರಿಗೆ ಗಿಡ ಹೊದಿಸಬೇಡಿ ಎಂದು ಉತ್ತರ ಕೊಟ್ಟೆ. ಅವರ ಊರನ್ನು ಕೇಳಲಿಲ್ಲ. ಊರು ಅವರ ಧ್ವನಿ ಸಂದೇಶದಲ್ಲಿತ್ತು, ಕೇಳದೆ ಅದನ್ನು ತೆಗೆದೆ. ನಾಗರಾಜು ಅವರು ಹೊದಿಸಿ ಎಂದು ಸರಿಯಾಗಿ ಹೇಳಿದ್ದರು, ಅದನ್ನೂ ತೆಗೆದೆ, ಗೇಲಿ ಮಾಡಿದೆ. ಗಿಡ ಸತ್ತ ಮೇಲೆ ನನ್ನ ಉತ್ತರವನ್ನು ಅಳಿಸಿದೆ. ನಾಗರಾಜು ಅವರ ಮೇಲೆ ತಪ್ಪು ಬಂದಾಗ ನೋಡುತ್ತ ಸುಮ್ಮನಿದ್ದೆ. ಹಳ್ಳದ ಬದಿ, ತಗ್ಗಿನ ಜಾಗದಲ್ಲಿರುವವರು ಜನವರಿಯಲ್ಲಿ ಸಂಜೆಯೇ ಗೋಣಿ ತಟ್ಟು ಹೊದಿಸಿ.'

ಅವರು ಕಿವಿಗೊಟ್ಟು ಕೇಳಿದರು. ನಾನು ಬೈಗುಳಕ್ಕೆ ಕಾದೆ.

"ಪ್ಲಾಸ್ಟಿಕ್ ಹಾಕ್ಬೇಡಿ ಅಂತಲೂವೆ ಸೇರ್ಸಿ" ಎಂದರು. "ಎಲೆಗ್ ತಗುಲುದ್ರೆ ಅದೂ ಸುಟ್ಟೋಯ್ತದೆ. ಆಮೇಲೆ, ಹೊದಿಸಕ್ ಆಗ್ದೇ ಇದ್ರೆ ಬಿಸ್ಲು ಬೀಳಕ್ ಮುಂಚೆ ಎದ್ದು ನೀರು ಚಿಮುಕ್ಸಿ ಹನಿ ಕರಗಿಸ್ಬೇಕು. ಅದ್ನ ಅವತ್ತೇ ಹೇಳಿದ್ದೆ. ನೀವು ಅಲ್ಲೀಗಂಟ ಕೇಳಿರಾಕಿಲ್ಲ."

"ಕೇಳಲಿಲ್ಲ" ಎಂದೆ. ಎರಡನ್ನೂ ಸೇರಿಸಿದೆ.

"ನನ್ನ ಹೆಸ್ರು ಎರಡ್ ಸಲ ಬೇಡ. ಒಂದ್ಸಲ ಸಾಕು."

"ಅದು ಹಾಗೇ ಇರಲಿ. ಗುಂಪಿಗೆ ವಾಪಸ್ಸು ಬರುತ್ತೀರಾ?"

ಅವರು ಕೂತು ಮತ್ತೆ ದಬ್ಬಳ ಹಿಡಿದರು. "ನಂಗೆ ಬರ್‍ಯಾಕೆ ಟೈಮಾಯ್ತದೆ ಮೇಡಂನೋರೆ. ಬಾಯಲ್ಲಿ ಹೇಳುದ್ರೆ ನೀವು ತೆಗೀತೀರ. ಯಾರಾದ್ರೂ ಕೇಳ್ಬೇಕು ಅಂದ್ರೆ ಇಲ್ಲೇ ಬರ್ಲಿ."

ಕ್ಷಮಿಸಿದೆ ಎಂದು ಅವರು ಹೇಳಲಿಲ್ಲ. ನಾನು ಕೇಳಲೂ ಇಲ್ಲ. ಅವರ ಮುಂದೆಯೇ ನಿಂತು ಸಂದೇಶ ಕಳಿಸಿದೆ, ಒಂದೇ ಸಲ ಓದಿ. ಆಮೇಲೆ ಬಸ್ಸಿಗೆಂದು ಹತ್ತತೊಡಗಿದೆ. ಹತ್ತುವ ದಾರಿಯಲ್ಲಿ ಬಿಸಿಲು ಸಿಕ್ಕಿತು.

ನಿಲ್ದಾಣದಲ್ಲಿ ಫೋನ್ ತೆಗೆದೆ. ಅರವತ್ತು ಜನ ಆನ್‌ಲೈನ್ ಇದ್ದರು, ಒಬ್ಬರೂ ಮಾತಾಡಿರಲಿಲ್ಲ. ಬಸ್ಸು ಬರುವುದು ಕಾಣಿಸಿದಾಗ ರಂಗನಾಥನ್ ಸಾರ್ ಬರೆದರು. ಎಲ್ಲರ ಎದುರು, ಒಂದೇ ಪ್ರಶ್ನೆ, ನಿಯಮಕ್ಕೆ ತಕ್ಕಂತೆ ಸ್ಪಷ್ಟವಾಗಿ.

'ಹದಿಮೂರು ದಿನ ಯಾಕೆ ಸುಮ್ಮನಿದ್ದಿರಿ?'

ಮನಸ್ಸು ವಾಕ್ಯಗಳನ್ನು ಜೋಡಿಸತೊಡಗಿತು. ಕೆಲಸದ ಒತ್ತಡ, ಮೊದಲು ಖುದ್ದಾಗಿ ಭೇಟಿಯಾಗಬೇಕೆಂದು, ಪೂರ್ತಿ ತಿಳಿದುಕೊಂಡು ಹೇಳೋಣವೆಂದು. ಒಂದಕ್ಕಿಂತ ಒಂದು ಚೊಕ್ಕವಾಗಿದ್ದವು. ಬಸ್ಸು ಬಂದು ನಿಂತಿತು, ಕಂಡಕ್ಟರ್ ವಿಸಿಲ್ ಊದಿದ. ಹತ್ತದೆ ಅಲ್ಲೇ ನಿಂತು ಉತ್ತರ ಬರೆದೆ.

'ಹೆದರಿದ್ದೆ.'